ದೀರ್ಘಕಾಲೀನ ಹೆಪಟೈಟಿಸ್ ಸಿ: ರೋಗನಿರೋಧಕ ಸೂಚಕಗಳ ಪರೀಕ್ಷೆ ಹಾಗೂ ಚಿಕಿತ್ಸೆಯ ಫಲಿತಾಂಶ – ಸಾರ್ವಜನಿಕರ ಮಾಹಿತಿಗಾಗಿ

ಹೆಪಟೈಟಿಸ್ ಸಿ ಕಾಯಿಲೆಗೆ ಚಿಕಿತ್ಸೆ ಕೋರಿ ಸರ್ಕಾರಿ ಚಿಕಿತ್ಸಾ ಕೇಂದ್ರಗಳಲ್ಲಿ ಹೆಸರು ನೋಂದಾಯಿಸಬಯಸುವವರ ತಿಳುವಳಿಕೆಗಾಗಿ ಈ ವಿವರಣೆಯನ್ನು ನೀಡಲಾಗಿದೆ. ಚಿಕಿತ್ಸೆಯು ಫಲಿಸುವುದೋ ಇಲ್ಲವೋ ಎಂಬುದನ್ನು ಮುಂಚಿತವಾಗಿಯೇ ಸೂಚಿಸುವ ರಕ್ತಪರೀಕ್ಷೆಗಳು ಹಾಗೂ ವಂಶವಾಹಿ ಪರೀಕ್ಷೆಗಳು ಇವೆಯೆಂದು ಕೆಲವರು ಕೇಳಿರಬಹುದು, ಅಥವಾ ಹಳೆಯ ವರದಿಗಳಲ್ಲಿ ಓದಿರಬಹುದು. ಅಂತಹ ಪರೀಕ್ಷೆಗಳು ಇರುವುದು ನಿಜ. ಆದರೆ ಈಗ ನೀಡಲಾಗುತ್ತಿರುವ ಚಿಕಿತ್ಸೆಗೆ ಅವುಗಳ ಅವಶ್ಯಕತೆ ಇರುವುದಿಲ್ಲ. ಅವು ಯಾವ ಕಾರಣಕ್ಕಾಗಿ ಬಳಕೆಗೆ ಬಂದವು, ಏಕೆ ಹಿಂದೆ ಸರಿದವು ಮತ್ತು ಈಗ ಯಾವ ವರದಿಗಳನ್ನು ಗಮನಿಸಬೇಕು ಎಂಬ ವಿಷಯಗಳನ್ನು ಇಲ್ಲಿ ತಿಳಿಸಲಾಗಿದೆ.

ಕಾಯಿಲೆಯ ಸ್ವರೂಪ

ಹೆಪಟೈಟಿಸ್ ಸಿ ವೈರಾಣುವನ್ನು 1989ರಲ್ಲಿ ಗುರುತಿಸಲಾಯಿತು. ಇದು ಮುಖ್ಯವಾಗಿ ರಕ್ತದ ಮೂಲಕ ಹರಡುತ್ತದೆ. ಒಬ್ಬರಿಗೆ ಬಳಸಿದ ಸೂಜಿ ಅಥವಾ ಸಿರಿಂಜನ್ನು ಮತ್ತೊಬ್ಬರಿಗೆ ಬಳಸುವುದು, ಪರೀಕ್ಷೆಗೆ ಒಳಪಡಿಸದ ರಕ್ತವನ್ನು ನೀಡುವುದು ಇದಕ್ಕೆ ಪ್ರಮುಖ ಕಾರಣಗಳು. ಜೊತೆಯಲ್ಲಿ ಕುಳಿತು ಊಟ ಮಾಡುವುದರಿಂದಾಗಲಿ, ಮುಟ್ಟುವುದರಿಂದಾಗಲಿ ಹರಡುವುದಿಲ್ಲ. ಸೋಂಕು ತಗುಲಿದವರಲ್ಲಿ ಸುಮಾರು ಶೇ. 30ರಷ್ಟು ಜನರ ದೇಹವು ಆರು ತಿಂಗಳೊಳಗೆ ಯಾವುದೇ ಔಷಧವಿಲ್ಲದೆ ವೈರಾಣುವನ್ನು ಹೊರಹಾಕುತ್ತದೆ. ಉಳಿದವರಲ್ಲಿ ಸೋಂಕು ದೀರ್ಘಕಾಲ ಉಳಿದು, ಹಲವು ವರ್ಷಗಳವರೆಗೆ ಹೊರಗೆ ಯಾವ ಲಕ್ಷಣವನ್ನೂ ತೋರದೆ, ಕೆಲವರಲ್ಲಿ ಸಿರೋಸಿಸ್ ಅಥವಾ ಯಕೃತ್ತಿನ ಕ್ಯಾನ್ಸರ್‌ಗೆ ಕಾರಣವಾಗುತ್ತದೆ.

ಇಂಟರ್‌ಫೆರಾನ್ ಚಿಕಿತ್ಸೆಯ ಕಾಲದ ಸೂಚಕಗಳು

2000ರ ದಶಕದಲ್ಲಿ ಲಭ್ಯವಿದ್ದ ಪ್ರಮುಖ ಚಿಕಿತ್ಸೆಯೆಂದರೆ ವಾರಕ್ಕೊಮ್ಮೆ ಪೆಗ್ ಇಂಟರ್‌ಫೆರಾನ್ ಚುಚ್ಚುಮದ್ದು ಮತ್ತು ಪ್ರತಿದಿನ ರಿಬಾವಿರಿನ್ ಔಷಧ. ವೈರಾಣುವಿನ ಒಂದನೇ ಜೀನೋಟೈಪ್‌ಗೆ 48 ವಾರ, ಎರಡು ಮತ್ತು ಮೂರನೇ ಜೀನೋಟೈಪ್‌ಗೆ 24 ವಾರ ಈ ಚಿಕಿತ್ಸೆಯನ್ನು ಪಡೆಯಬೇಕಾಗಿತ್ತು. ಜ್ವರ, ರಕ್ತಹೀನತೆ, ಮಾನಸಿಕ ಖಿನ್ನತೆ ಮುಂತಾದ ಅಡ್ಡಪರಿಣಾಮಗಳು ಸಾಮಾನ್ಯವಾಗಿದ್ದವು. ಇಷ್ಟಾದರೂ ಒಂದನೇ ಜೀನೋಟೈಪ್‌ನವರಲ್ಲಿ ಗುಣ ಹೊಂದುತ್ತಿದ್ದವರು ಸರಿಸುಮಾರು ಅರ್ಧದಷ್ಟು ಮಾತ್ರ. ಒಂದು ವರ್ಷದ ವೆಚ್ಚ ಮತ್ತು ಸಂಕಟ ವ್ಯರ್ಥವಾಗುವ ಸಂಭವ ಇಷ್ಟು ಹೆಚ್ಚಾಗಿದ್ದುದರಿಂದ, ಚಿಕಿತ್ಸೆ ಯಾರಿಗೆ ಫಲಿಸುತ್ತದೆ ಎಂಬುದನ್ನು ಮೊದಲೇ ಅರಿಯುವ ಪ್ರಯತ್ನಗಳು ನಡೆದವು.

ಇಂಟರ್‌ಫೆರಾನ್ ಎಂಬುದು ವೈರಾಣು ಪ್ರವೇಶಿಸಿದಾಗ ದೇಹವು ತಾನೇ ಹೊರಡಿಸುವ ಎಚ್ಚರಿಕೆಯ ಕರೆ. ಚುಚ್ಚುಮದ್ದಿನ ಮೂಲಕ ಅದೇ ಕರೆಯನ್ನು ಹೊರಗಿನಿಂದ ನೀಡಲಾಗುತ್ತಿತ್ತು. ವೈರಾಣುವನ್ನು ನಿವಾರಿಸುವ ಕೆಲಸದ ಬಹುಭಾಗ ರೋಗಿಯ ರೋಗನಿರೋಧಕ ವ್ಯವಸ್ಥೆಗೇ ಬಿಟ್ಟದ್ದಾಗಿತ್ತು. ಆದುದರಿಂದ ಆ ವ್ಯವಸ್ಥೆಯ ಸ್ಥಿತಿಯನ್ನು ಅಳೆದಲ್ಲಿ ಫಲಿತಾಂಶವನ್ನು ಊಹಿಸಬಹುದೆಂಬ ನಿರೀಕ್ಷೆ ಸಹಜವೇ ಆಗಿತ್ತು.

ಹೀಗೆ ಗುರುತಿಸಲಾದ ಸೂಚಕಗಳಲ್ಲಿ ಐಪಿ-10 ಎಂಬ ಪ್ರೋಟೀನ್ ಒಂದು. ಇದು ರೋಗನಿರೋಧಕ ಕೋಶಗಳನ್ನು ಸೋಂಕಿನ ಸ್ಥಳಕ್ಕೆ ಕರೆತರುವ ಪ್ರೋಟೀನ್. ರಕ್ತದಲ್ಲಿ ಇದು ಅಧಿಕವಾಗಿದ್ದವರು ಚಿಕಿತ್ಸೆಗೆ ಉತ್ತಮವಾಗಿ ಸ್ಪಂದಿಸಬೇಕಲ್ಲವೇ ಎಂದು ಯಾರಿಗಾದರೂ ಅನಿಸಬಹುದು. ಅಧ್ಯಯನಗಳಲ್ಲಿ ಕಂಡುಬಂದದ್ದು ಇದಕ್ಕೆ ವಿರುದ್ಧ. ಚಿಕಿತ್ಸೆಗೆ ಮುನ್ನ ಐಪಿ-10 ಪ್ರಮಾಣವು ಮಿಲಿಲೀಟರಿಗೆ 150 ಪಿಕೋಗ್ರಾಂಗಿಂತ ಕಡಿಮೆ ಇದ್ದವರಲ್ಲಿ ಫಲಿತಾಂಶ ಉತ್ತಮವಾಗಿಯೂ, 600 ಪಿಕೋಗ್ರಾಂಗಿಂತ ಹೆಚ್ಚು ಇದ್ದವರಲ್ಲಿ ಕಳಪೆಯಾಗಿಯೂ ಇತ್ತು. ಅಧಿಕ ಪ್ರಮಾಣವಿದ್ದವರ ಯಕೃತ್ತಿನಲ್ಲಿ ಎಚ್ಚರಿಕೆಯ ಗಂಟೆ ವರ್ಷಗಳಿಂದ ಬಾರಿಸುತ್ತಲೇ ಇರುತ್ತದೆ. ಗದ್ದಲಕ್ಕೆ ಒಗ್ಗಿಹೋದ ಕೋಶಗಳು ಹೊರಗಿನಿಂದ ಬಂದ ಮತ್ತೊಂದು ಕರೆಗೆ ಓಗೊಡುವುದಿಲ್ಲ.

ಎರಡನೆಯದು ಐಎಲ್-28ಬಿ ವಂಶವಾಹಿಯ ಸಮೀಪದಲ್ಲಿರುವ ವ್ಯತ್ಯಾಸ. ಇದನ್ನು 2009ರಲ್ಲಿ ವರದಿ ಮಾಡಲಾಯಿತು. ತಂದೆ ಮತ್ತು ತಾಯಿ ಇಬ್ಬರಿಂದಲೂ ಅನುಕೂಲಕರ ರೂಪವನ್ನು ಪಡೆದವರು, ಅಂದರೆ ವರದಿಯಲ್ಲಿ 'ಸಿಸಿ' ಎಂದು ನಮೂದಾಗಿರುವವರು, ಒಂದನೇ ಜೀನೋಟೈಪ್ ಸೋಂಕಿನಿಂದ ಗುಣ ಹೊಂದುವ ಸಂಭವ ಇತರರಿಗಿಂತ ಸುಮಾರು ಎರಡು ಪಟ್ಟು ಇತ್ತು. ಔಷಧವಿಲ್ಲದೆ ತಾನಾಗಿ ಗುಣವಾಗುವುದಕ್ಕೂ ಇದೇ ರೂಪವು ಸಹಕಾರಿ ಎಂದು ಅದೇ ವರ್ಷ ತಿಳಿದುಬಂದಿತು. ಅಮೆರಿಕದಲ್ಲಿ ಆಫ್ರಿಕನ್ ಮೂಲದವರಿಗೂ ಯೂರೋಪಿಯನ್ ಮೂಲದವರಿಗೂ ಫಲಿತಾಂಶದಲ್ಲಿ ಕಾಣುತ್ತಿದ್ದ ಅಂತರದ ಸುಮಾರು ಅರ್ಧ ಭಾಗಕ್ಕೆ ಇದರಿಂದ ವಿವರಣೆ ದೊರೆಯಿತು.

ಭಾರತದ ಮಟ್ಟಿಗೆ ಈ ಪರೀಕ್ಷೆಯ ಉಪಯೋಗ ಆಗಲೂ ಸೀಮಿತವೇ ಆಗಿತ್ತು. ದೇಶದಲ್ಲಿ ಹೆಚ್ಚಾಗಿ ಕಂಡುಬರುವುದು ಮೂರನೇ ಜೀನೋಟೈಪ್. ಅದರಲ್ಲಿ ಐಎಲ್-28ಬಿ ಸೂಚಕದ ಪ್ರಭಾವ ಅಷ್ಟು ಸ್ಪಷ್ಟವಾಗಿರಲಿಲ್ಲ. ಅಲ್ಲದೆ ಇವೆಲ್ಲವೂ ಸಂಭವನೀಯತೆಯ ಲೆಕ್ಕಗಳೇ ಹೊರತು ತೀರ್ಪುಗಳಲ್ಲ. ಅನುಕೂಲಕರ ವರದಿ ಇದ್ದೂ ಗುಣವಾಗದವರು ಇದ್ದರು, ಪ್ರತಿಕೂಲ ವರದಿ ಇದ್ದೂ ಗುಣವಾದವರು ಇದ್ದರು. ಚಿಕಿತ್ಸೆ ಆರಂಭಿಸಿದ 4ನೇ ಮತ್ತು 12ನೇ ವಾರದ ವೈರಾಣು ಪ್ರಮಾಣವೇ ಹೆಚ್ಚು ನಂಬಲರ್ಹವಾಗಿತ್ತು. 12ನೇ ವಾರಕ್ಕೆ ಅದು ನೂರನೇ ಒಂದು ಭಾಗಕ್ಕೆ ಇಳಿಯದಿದ್ದಲ್ಲಿ ಚಿಕಿತ್ಸೆಯನ್ನು ನಿಲ್ಲಿಸಲಾಗುತ್ತಿತ್ತು.

ಈಗಿನ ಚಿಕಿತ್ಸೆ

ಸೊಫೊಸ್‌ಬುವಿರ್ ಎಂಬ ಮಾತ್ರೆಗೆ ಅಮೆರಿಕದಲ್ಲಿ ಡಿಸೆಂಬರ್ 2013ರಲ್ಲಿ ಅನುಮತಿ ದೊರೆಯಿತು. ಅಲ್ಲಿ ಅದರ ಆರಂಭಿಕ ಬೆಲೆ 12 ವಾರಗಳಿಗೆ 84,000 ಡಾಲರ್ ಆಗಿತ್ತು. 2014ರಲ್ಲಿ ಭಾರತೀಯ ಕಂಪನಿಗಳಿಗೆ ತಯಾರಿಕೆಯ ಪರವಾನಗಿ ದೊರೆತ ನಂತರ ಬೆಲೆಯು ಈ ದೇಶದಲ್ಲಿ ಗಣನೀಯವಾಗಿ ಇಳಿಯಿತು. ದಿನಾಂಕ 28 ಜುಲೈ 2018ರಂದು ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮಕ್ಕೆ ಚಾಲನೆ ನೀಡಲಾಯಿತು. ಸದರಿ ಕಾರ್ಯಕ್ರಮದಡಿ ನಿಗದಿತ ಸರ್ಕಾರಿ ಕೇಂದ್ರಗಳಲ್ಲಿ ಪರೀಕ್ಷೆ ಮತ್ತು ಔಷಧಗಳನ್ನು ಉಚಿತವಾಗಿ ಒದಗಿಸಲಾಗುತ್ತದೆ.

ಈ ಮಾತ್ರೆಗಳು ವೈರಾಣು ತನ್ನ ನಕಲುಗಳನ್ನು ತಯಾರಿಸಿಕೊಳ್ಳುವ ಕ್ರಿಯೆಯನ್ನೇ ನೇರವಾಗಿ ತಡೆಯುತ್ತವೆ. ಇಂಟರ್‌ಫೆರಾನ್‌ನಂತೆ ರೋಗನಿರೋಧಕ ವ್ಯವಸ್ಥೆಯ ಮೂಲಕ ಕೆಲಸ ಮಾಡುವುದಿಲ್ಲ. ಸಿರೋಸಿಸ್ ಇಲ್ಲದವರಿಗೆ ಸಾಮಾನ್ಯವಾಗಿ ಸೊಫೊಸ್‌ಬುವಿರ್ ಮತ್ತು ಡಕ್ಲಾಟಾಸ್ವಿರ್, ಸಿರೋಸಿಸ್ ಇರುವವರಿಗೆ ಸೊಫೊಸ್‌ಬುವಿರ್ ಮತ್ತು ವೆಲ್ಪಟಾಸ್ವಿರ್ ಮಾತ್ರೆಗಳನ್ನು 12 ವಾರ ನೀಡಲಾಗುತ್ತದೆ. ಸಿರೋಸಿಸ್ ಉಲ್ಬಣಗೊಂಡಿದ್ದಲ್ಲಿ ರಿಬಾವಿರಿನ್ ಸೇರಿಸಲಾಗುತ್ತದೆ ಅಥವಾ ಅವಧಿಯನ್ನು 24 ವಾರಗಳಿಗೆ ವಿಸ್ತರಿಸಲಾಗುತ್ತದೆ. ಒಟ್ಟಾರೆಯಾಗಿ ಗುಣ ಹೊಂದುವವರ ಪ್ರಮಾಣ ಶೇ. 95ರ ಆಸುಪಾಸಿನಲ್ಲಿದೆ. ಹೀಗಿರುವಾಗ ಐಪಿ-10 ಅಥವಾ ಐಎಲ್-28ಬಿ ವರದಿಯು ಚಿಕಿತ್ಸೆಯ ಯಾವ ತೀರ್ಮಾನವನ್ನೂ ಬದಲಿಸುವುದಿಲ್ಲ. ಅರ್ಜಿದಾರರು ಇವುಗಳಿಗಾಗಿ ಸ್ವಂತ ಹಣ ವ್ಯಯಿಸುವ ಅಗತ್ಯವಿಲ್ಲ. ಇವುಗಳಿಗಾಗಿ ಕಾಯುತ್ತಾ ಚಿಕಿತ್ಸೆಯನ್ನು ಮುಂದೂಡುವುದಂತೂ ಸಲ್ಲದು.

ಈ ಹಿಂದೆ ಇಂಟರ್‌ಫೆರಾನ್ ಪಡೆದು ಗುಣವಾಗದೆ ಚಿಕಿತ್ಸೆಯನ್ನೇ ಕೈಬಿಟ್ಟವರು, 'ನಿಮ್ಮ ದೇಹ ಸ್ಪಂದಿಸುವುದಿಲ್ಲ' ಎಂದು ತಿಳಿಸಲ್ಪಟ್ಟವರು ಇದನ್ನು ವಿಶೇಷವಾಗಿ ಗಮನಿಸುವುದು. ಆ ಮಾತು ಅಂದಿನ ಔಷಧಕ್ಕೆ ಅನ್ವಯಿಸುತ್ತಿತ್ತು. ಅಂತಹವರಲ್ಲಿಯೂ ಈಗಿನ ಮಾತ್ರೆಗಳಿಂದ ಬಹುಪಾಲು ಜನ ಗುಣ ಹೊಂದುತ್ತಾರೆ. ವರ್ಷಗಳು ಕಳೆದಂತೆ ಯಕೃತ್ತಿಗೆ ಹಾನಿ ಹೆಚ್ಚುವ ಕಾರಣ ಅವರು ವಿಳಂಬವಿಲ್ಲದೆ ಮರುಪರೀಕ್ಷೆಗೆ ಹಾಜರಾಗತಕ್ಕದ್ದು.

ಪ್ರತಿಕಾಯದ ವರದಿ ಮತ್ತು ಆರ್‌ಎನ್‌ಎ ವರದಿ

ರೋಗನಿರೋಧಕ ಸೂಚಕಗಳ ಪೈಕಿ ಇಂದಿಗೂ ಬಳಕೆಯಲ್ಲಿರುವುದು ಹೆಪಟೈಟಿಸ್ ಸಿ ಪ್ರತಿಕಾಯದ ಪರೀಕ್ಷೆ. ಅತಿ ಹೆಚ್ಚು ತಪ್ಪು ತಿಳುವಳಿಕೆಗೆ ಎಡೆಯಾಗುವುದೂ ಇದರಿಂದಲೇ. ಇದು 'ಪಾಸಿಟಿವ್' ಬಂದರೆ ಎಂದೋ ಒಮ್ಮೆ ಸೋಂಕು ತಗುಲಿತ್ತೆಂದು ಅರ್ಥ, ಈಗಲೂ ಇದೆಯೆಂದು ಅಲ್ಲ. ವೈರಾಣು ಈಗ ಇದೆಯೇ ಎಂಬುದನ್ನು ಆರ್‌ಎನ್‌ಎ ಪರೀಕ್ಷೆಯು ಮಾತ್ರ ತಿಳಿಸುತ್ತದೆ. ಚಿಕಿತ್ಸೆ ಆರಂಭಿಸುವುದು ಆ ವರದಿಯ ಆಧಾರದ ಮೇಲೆ.

ಚಿಕಿತ್ಸೆ ಮುಗಿದ 12 ವಾರಗಳ ನಂತರ ಆರ್‌ಎನ್‌ಎ ಪರೀಕ್ಷೆಯಲ್ಲಿ ವೈರಾಣು ಕಂಡುಬರದಿದ್ದಲ್ಲಿ ಗುಣವಾಗಿದೆಯೆಂದು ಪರಿಗಣಿಸಲಾಗುತ್ತದೆ. ಪ್ರತಿಕಾಯವು ಆ ನಂತರವೂ ಹಲವು ವರ್ಷ, ಸಾಮಾನ್ಯವಾಗಿ ಜೀವನಪರ್ಯಂತ, ರಕ್ತದಲ್ಲಿ ಉಳಿಯುತ್ತದೆ. ಗುಣವಾದವರೊಬ್ಬರು ಉದ್ಯೋಗಕ್ಕಾಗಿ ಅಥವಾ ಶಸ್ತ್ರಚಿಕಿತ್ಸೆಗೆ ಮುನ್ನ ರಕ್ತಪರೀಕ್ಷೆ ಮಾಡಿಸಿದಾಗ 'ಪಾಸಿಟಿವ್' ಎಂದು ಬಂದು ಗಾಬರಿಗೊಳ್ಳುವುದು ಇದೇ ಕಾರಣದಿಂದ. ಇದು ಚಿಕಿತ್ಸೆಯ ವೈಫಲ್ಯವಲ್ಲ. ಆದುದರಿಂದ ಅಂತಿಮ ಆರ್‌ಎನ್‌ಎ ವರದಿಯ ಪ್ರತಿಯನ್ನು ಜೋಪಾನವಾಗಿ ಇರಿಸಿಕೊಳ್ಳತಕ್ಕದ್ದು. ಈ ಪ್ರತಿಕಾಯವು ಮುಂದಿನ ಸೋಂಕಿನಿಂದ ರಕ್ಷಣೆ ನೀಡುವುದಿಲ್ಲ, ಮರುಸೋಂಕು ತಗುಲಬಹುದು. ಪ್ರತಿಕಾಯ ಇರುವವರಿಂದ ರಕ್ತದಾನವನ್ನು ಸ್ವೀಕರಿಸಲಾಗುವುದಿಲ್ಲ.

ನೋಂದಣಿಯ ಸಮಯದಲ್ಲಿ ತಿಳಿಸಬೇಕಾದ ವಿಷಯಗಳು

ಇಂದಿನ ಫಲಿತಾಂಶವು ಸಿರೋಸಿಸ್‌ನ ಹಂತ, ಈ ಹಿಂದೆ ಇದೇ ಬಗೆಯ ಮಾತ್ರೆ ಸೇವಿಸಿ ವಿಫಲವಾಗಿರುವುದು, ಜೊತೆಯಲ್ಲಿ ಸೇವಿಸುವ ಇತರ ಔಷಧಗಳು ಮತ್ತು ಮಾತ್ರೆಯನ್ನು ಒಂದು ದಿನವೂ ತಪ್ಪಿಸದಿರುವುದನ್ನು ಅವಲಂಬಿಸಿದೆ. ಸಿರೋಸಿಸ್‌ನ ಅಂದಾಜಿಗೆ ವಯಸ್ಸು, ಯಕೃತ್ತಿನ ಕಿಣ್ವಗಳು ಮತ್ತು ಪ್ಲೇಟ್‌ಲೆಟ್ ಎಣಿಕೆಯಷ್ಟೇ ಬೇಕಾದ ಸರಳ ಲೆಕ್ಕವಿದ್ದು, ಸಾಮಾನ್ಯ ರಕ್ತಪರೀಕ್ಷೆಯಿಂದಲೇ ದೊರೆಯುತ್ತದೆ. ಕ್ಷಯರೋಗದ ರಿಫಾಂಪಿಸಿನ್, ಮೂರ್ಛೆರೋಗದ ಕೆಲವು ಮಾತ್ರೆಗಳು ಹೆಪಟೈಟಿಸ್ ಸಿ ಔಷಧದ ಪರಿಣಾಮವನ್ನು ಕುಗ್ಗಿಸುತ್ತವೆ. ಹೃದಯ ಬಡಿತಕ್ಕೆ ನೀಡುವ ಅಮಿಯೊಡರೋನ್ ಜೊತೆ ಸೊಫೊಸ್‌ಬುವಿರ್ ಸೇವನೆ ಅಪಾಯಕಾರಿ. ಹೆಪಟೈಟಿಸ್ ಬಿ ಸೋಂಕೂ ಇದ್ದಲ್ಲಿ ಸಿ ವೈರಾಣು ನಿವಾರಣೆಯಾಗುತ್ತಿದ್ದಂತೆ ಬಿ ವೈರಾಣು ಉಲ್ಬಣಿಸಬಹುದಾದ್ದರಿಂದ ಅದರ ಪರೀಕ್ಷೆಯನ್ನೂ ಮೊದಲೇ ಮಾಡಲಾಗುತ್ತದೆ. ಗರ್ಭಿಣಿಯರು ಹಾಗೂ ಎದೆಹಾಲುಣಿಸುವ ತಾಯಂದಿರು ವೈದ್ಯರಿಗೆ ಮುಂಚಿತವಾಗಿ ತಿಳಿಸತಕ್ಕದ್ದು.

ನೋಂದಣಿಗೆ ಬರುವಾಗ ಹಳೆಯ ಪರೀಕ್ಷಾ ವರದಿಗಳು, ಹಿಂದಿನ ಚಿಕಿತ್ಸೆಯ ಚೀಟಿಗಳು ಮತ್ತು ಪ್ರಸ್ತುತ ಸೇವಿಸುತ್ತಿರುವ ಎಲ್ಲಾ ಮಾತ್ರೆಗಳನ್ನು, ನಾಟಿ ಔಷಧಗಳೂ ಸೇರಿದಂತೆ, ಜೊತೆಯಲ್ಲಿ ತರಲು ಕೋರಲಾಗಿದೆ. ಸಿರೋಸಿಸ್ ಇದ್ದವರು ವೈರಾಣು ನಿವಾರಣೆಯಾದ ನಂತರವೂ ಪ್ರತಿ ಆರು ತಿಂಗಳಿಗೊಮ್ಮೆ ಯಕೃತ್ತಿನ ಅಲ್ಟ್ರಾಸೌಂಡ್ ಪರೀಕ್ಷೆಗೆ ಹಾಜರಾಗತಕ್ಕದ್ದು.