ಓಟದ ನಡುವೆ ಜಾಹೀರಾತು: ನಷ್ಟ ಯಾರದು?

ಕ್ರಿಕೆಟ್ ಪಂದ್ಯದಲ್ಲಿ ಓವರು ಮುಗಿದೊಡನೆ ಜಾಹೀರಾತಿಗೆ ತೆರಪು ದೊರೆಯುತ್ತದೆ. ಫಾರ್ಮುಲಾ ಒನ್ ಕಾರು ಓಟದಲ್ಲಿ ಅಂತಹ ವಿರಾಮವಿಲ್ಲ. ಪ್ರಸಾರದ ಹಕ್ಕಿಗೆ ತೆತ್ತ ಹಣವನ್ನು ಜಾಹೀರಾತಿನಿಂದಲೇ ಮರಳಿ ಪಡೆಯಬೇಕಾದ ವಾಹಿನಿಯು ಓಟವನ್ನೇ ಕತ್ತರಿಸಬೇಕಾಗುತ್ತದೆ.

2005ರ ಏಪ್ರಿಲ್ 24ರಂದು ಇಟಲಿಯ ಇಮೋಲಾದಲ್ಲಿ ನಡೆದ ಸ್ಯಾನ್ ಮರಿನೋ ಗ್ರ್ಯಾಂಡ್ ಪ್ರಿ ಇದಕ್ಕೆ ನಿದರ್ಶನ. ಅಲೋನ್ಸೊ ಮುಂದೆ, ಶೂಮಾಕರ್ ಬೆನ್ನ ಹಿಂದೆಯೇ; ಮೂರೇ ಸುತ್ತು ಉಳಿದಿದ್ದಾಗ ಬ್ರಿಟನ್ನಿನ ಐಟಿವಿ ಜಾಹೀರಾತಿಗೆ ಹೊರಳಿತು. ಅಲೋನ್ಸೊ ಗೆದ್ದದ್ದು ಸೆಕೆಂಡಿನ ಕಾಲು ಭಾಗಕ್ಕಿಂತಲೂ ಕಡಿಮೆ ಅಂತರದಿಂದ. ವಾಹಿನಿಯು ಕ್ಷಮೆ ಕೋರಿತು. ನಿಯಂತ್ರಕ ಸಂಸ್ಥೆ ಆಫ್‌ಕಾಮ್ ಇದನ್ನು ನಿಯಮಭಂಗವೆಂದು ನಿರ್ಣಯಿಸಿತು.

ಇಲ್ಲಿ ಜಾಹೀರಾತುದಾರನ ಲೆಕ್ಕ ವಿಚಾರಾರ್ಹ. ಪ್ರೇಕ್ಷಕರು ಕಣ್ಣು ಕೀಳದೆ ನೋಡುವ ಕ್ಷಣಕ್ಕೆ ಆತ ಹಣ ತೆತ್ತ. ಜಮೆಯಾದದ್ದು ಅವರ ಸಿಟ್ಟು. ಇಂತಹ ನಷ್ಟವನ್ನು ತೋರಿಸುವ ಖಾತೆ ಯಾವ ಲೆಕ್ಕಪುಸ್ತಕದಲ್ಲಿಯೂ ಇಲ್ಲ! ನೇರಪ್ರಸಾರದಲ್ಲಿ ಜಾಹೀರಾತು ನೀಡುವ ವರ್ತಕರು ಸೆಕೆಂಡಿನ ದರದೊಡನೆ, ಯಾವ ಹಂತದಲ್ಲಿ ಪ್ರಸಾರವೆಂಬುದನ್ನೂ ಒಪ್ಪಂದದಲ್ಲಿ ಬರೆಸಿಕೊಳ್ಳಬೇಕು.

ಅದೇ 2005ರಲ್ಲಿ ಅಮೆರಿಕದ ಇಂಡಿ ಕಾರು ಓಟಗಳ ಪ್ರಸಾರದಲ್ಲಿ ಪರದೆಯನ್ನು ವಿಭಾಗಿಸಿ, ಒಂದೆಡೆ ಓಟ, ಮತ್ತೊಂದೆಡೆ ಜಾಹೀರಾತು ತೋರಿಸುವ ಕ್ರಮ ಬಂದಿತು. ಜಾಹೀರಾತಿನ ಚಿತ್ರ ಕಿರಿದಾದರೂ ನೋಡುಗ ಎದ್ದು ಹೋಗುವ ಕಾರಣವಿಲ್ಲ. ಬ್ರಿಟನ್ನಿನಲ್ಲಿ 2009ರಿಂದ ಪ್ರಸಾರವು ಬಿಬಿಸಿಗೆ ಮರಳಿತು. ಅಲ್ಲಿ ಜಾಹೀರಾತೇ ಇರಲಿಲ್ಲ.