ಹೆಣ್ಣುಮಕ್ಕಳ ಹಾಡಿಗೆ ಅವರದೇ ಷಡ್ಜ

ಗೀತೆಯಲ್ಲಿ ಮಾತಾಡುವವಳು ಹೆಣ್ಣು, ಹಾಡುವವರೂ ಹೆಣ್ಣುಮಕ್ಕಳು, ಆದರೆ ಶ್ರುತಿ ಮಾತ್ರ ಗಂಡಸಿನದು! ಹೀಗಾದರೆ ಹಾಡಿಗೂ ಕಷ್ಟ, ಕೊರಳಿಗೂ ಕಷ್ಟ.

ಬೈಬಲ್ಲಿನಲ್ಲಿ ‘ಪರಮಗೀತೆ’ ಎಂಬ 8 ಅಧ್ಯಾಯಗಳ ಪುಟ್ಟ ಪ್ರೇಮಕಾವ್ಯವಿದೆ. ಎರಡು ಸಾವಿರ ವರ್ಷಗಳಿಗೂ ಹಿಂದೆ ಹೀಬ್ರೂ ಭಾಷೆಯಲ್ಲಿ ರಚಿತವಾದ ಇದರ ಬಹುಭಾಗ ನಲ್ಲನನ್ನು ನೆನೆಯುವ ಹೆಣ್ಣಿನ ಮಾತು. ಇಟಲಿಯ ಪಾಲೆಸ್ಟ್ರೀನಾ 1584ರಲ್ಲಿ ಇದರ ಸಾಲುಗಳಿಗೆ ರಾಗ ಹಾಕಿ 29 ಗೀತೆಗಳನ್ನು ಪ್ರಕಟಿಸಿದ. ಆಗ ರೋಮಿನ ಚರ್ಚುಗಳ ಗಾಯನ ಮೇಳಗಳಲ್ಲಿ ಸ್ತ್ರೀಯರಿಗೆ ಸ್ಥಾನವಿರಲಿಲ್ಲ. ಎತ್ತರದ ಸ್ವರಗಳನ್ನು ಬಾಲಕರೋ ಗಂಡಸರೋ ಹಾಡುತ್ತಿದ್ದರು. ಅಮೆರಿಕದ ಡೇವಿಡ್ ಲ್ಯಾಂಗ್ 2014ರಲ್ಲಿ ಇದೇ ಕಾವ್ಯವನ್ನು ಆಧರಿಸಿ ಮೂವರು ಗಾಯಕಿಯರಿಗೆಂದೇ ಒಂದು ಕೃತಿ ರಚಿಸಿದರು.

ಇಂಥ ಕಾವ್ಯ ನಮ್ಮಲ್ಲೂ ಉಂಟು. 12ನೆಯ ಶತಮಾನದ ಅಕ್ಕಮಹಾದೇವಿ ಚೆನ್ನಮಲ್ಲಿಕಾರ್ಜುನನನ್ನೇ ಪತಿಯೆಂದು ಕರೆದು ವಚನ ನುಡಿದಳು. ವಿಜಯಪುರದಲ್ಲಿ ನೆಲೆಸಿದ್ದ ಫ.ಗು. ಹಳಕಟ್ಟಿಯವರ ‘ವಚನಶಾಸ್ತ್ರ ಸಾರ’ 1923ರಲ್ಲಿ ಅಚ್ಚಾಯಿತು. ಅಕ್ಕನ ವಚನಗಳಿಗೆ ನಾದ ತುಂಬಿದ ಗಾಯಕರಲ್ಲಿ ಮಲ್ಲಿಕಾರ್ಜುನ ಮನಸೂರ (1910–1992) ಪ್ರಮುಖರು. ಆಗಿನ ಇಂಡಿ ತಾಲೂಕಿನ ಹಲಸಂಗಿಯ ಗೆಳೆಯರು ಹೆಣ್ಣುಮಕ್ಕಳ ತ್ರಿಪದಿಗಳನ್ನು ಕಲೆಹಾಕಿ 1931ರಲ್ಲಿ ‘ಗರತಿಯ ಹಾಡು’ ಹೊರತಂದರು. ಅವರಲ್ಲೊಬ್ಬರಾದ ಮಧುರಚೆನ್ನರು ‘ನನ್ನ ನಲ್ಲ’ ಬರೆದರು.

ಈಗ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಶಾಲೆಗಳ ಹುಡುಗಿಯರು ಇವನ್ನು ಹಾಡಬೇಕೆಂದರೆ ಪೇಟಿಯ ಯಾವ ಪಟ್ಟಿಯನ್ನು ‘ಸಾ’ ಮಾಡಬೇಕು? ಉತ್ತರ ಭೌತಶಾಸ್ತ್ರದಲ್ಲಿದೆ. ತಂತಿ ಗಿಡ್ಡವೂ ತೆಳುವೂ ಆದಷ್ಟು ಸ್ವರ ಏರುತ್ತದೆ. ಮಾತಾಡುವಾಗ ಗಂಡಸಿನ ಧ್ವನಿತಂತುಗಳು ಸೆಕೆಂಡಿಗೆ ಸುಮಾರು 120 ಸಲ ಕಂಪಿಸಿದರೆ, ಹೆಂಗಸಿನ ಗಿಡ್ಡ ತಂತುಗಳು ಸುಮಾರು 200 ಸಲ ಕಂಪಿಸುತ್ತವೆ. ಪೇಟಿಯಲ್ಲಿ ಗಂಡಸರು ಹೆಚ್ಚಾಗಿ ಬಳಸುವ ಕರಿ 1ರ ಕಂಪನ ಸುಮಾರು 139. ಹೆಂಗಸರಿಗೆ ಒಗ್ಗುವ ಕರಿ 4ರದು ಸುಮಾರು 208. ಭಾಗಿಸಿ ನೋಡಿ: ಒಂದೂವರೆ ಪಟ್ಟು! ಅಂದರೆ ಗಂಡಸಿನ ‘ಪ’ ಎಲ್ಲಿದೆಯೋ ಅಲ್ಲಿ ಹೆಂಗಸಿನ ‘ಸಾ’. ಕರಿ 1ರಲ್ಲೇ ಹುಡುಗಿಯರನ್ನು ಹಾಡಿಸಿದರೆ ಮಂದ್ರದ ಸ್ವರಗಳು ಉಸಿರಲ್ಲೇ ಅಡಗುತ್ತವೆ. ಒಂದು ಸಪ್ತಕ ಮೇಲೇರಿಸಿದರೆ ತಾರದಲ್ಲಿ ಚೀರಬೇಕಾಗುತ್ತದೆ. ಬಹುಕಾಲ ಚೀರಿದರೆ ಧ್ವನಿತಂತುಗಳ ಮೇಲೆ ಸಣ್ಣ ಗಂಟುಗಳು ಏಳಬಹುದು.

ಆದ್ದರಿಂದ ಮೊದಲು ಪ್ರತಿ ಹುಡುಗಿ ನಿರಾಯಾಸವಾಗಿ ಮುಟ್ಟುವ ಅತಿ ಕೆಳಗಿನ ಹಾಗೂ ಅತಿ ಮೇಲಿನ ಸ್ವರಗಳನ್ನು ಗುರುತು ಹಾಕಿಕೊಳ್ಳಬೇಕು. ಎಲ್ಲರಿಗೂ ಒಗ್ಗುವ ‘ಸಾ’ ಆಮೇಲೆ ಆರಿಸಬೇಕು. ವಚನಕ್ಕೆ ತ್ರಿಪದಿಯಂತೆ ಕಟ್ಟಿದ ಛಂದಸ್ಸಿಲ್ಲ. ಹಾಗಾಗಿ ಅದನ್ನು ಗಟ್ಟಿಯಾಗಿ ಓದಿ, ಅರ್ಥ ಮುಗಿಯುವಲ್ಲಿ ಉಸಿರು ನಿಲ್ಲಿಸಿ, ತಾಳವನ್ನು ಕೊನೆಗೆ ಹೊಂದಿಸುವುದು ಒಳ್ಳೆಯದು. ಬೀಸುವಕಲ್ಲಿನ ಎದುರುಬದುರು ಕುಳಿತ ಇಬ್ಬರಂತೆ ಮೇಳವನ್ನು ಎರಡಾಗಿಸಿ, ಒಂದು ಗುಂಪು ನುಡಿದುದನ್ನು ಇನ್ನೊಂದು ಗುಂಪು ಎತ್ತಿಕೊಂಡರೆ ಉಸಿರಿಗೂ ಬಿಡುವು ಸಿಗುತ್ತದೆ.

ಪಾಲಕರಿಗೊಂದು ಮಾತು: ಸ್ಪರ್ಧೆಯ ಬಹುಮಾನಕ್ಕಾಗಿ ಮಗಳ ಕೊರಳನ್ನು ಎಳೆಯಬೇಡಿ. ಧ್ವನಿ ಒಡೆಯುವ ವಯಸ್ಸಿನ ಗಂಡುಮಕ್ಕಳಿಗೂ ಇದು ಸಲ್ಲುತ್ತದೆ. ಗೊಗ್ಗರು ದನಿ ಮೂರು ವಾರ ಕಳೆದರೂ ಹೋಗದಿದ್ದರೆ ಕಿವಿ, ಮೂಗು, ಗಂಟಲಿನ ವೈದ್ಯರಿಗೆ ತೋರಿಸಿ. ಪೇಟಿಯ ಪಟ್ಟಿ ಬದಲಿಸಲು ಕ್ಷಣ ಸಾಕು. ಕೆಟ್ಟ ಕೊರಳು ಸರಿಹೋಗಲು ತಿಂಗಳುಗಳೇ ಬೇಕು.