ಬಾಡಿಗೆ ಮನೆಗೂ ಬೀದಿ ನಾಯಿಗೂ ಅಂಗಡಿ ಕಟ್ಟೆಯೇ ಕಚೇರಿ!

ಹುಣಸಮಾರನಹಳ್ಳಿ: ಬಳ್ಳಾರಿ ರಸ್ತೆಯಲ್ಲಿ ಬಸ್ಸು ಯಲಹಂಕ ವಾಯುನೆಲೆ ದಾಟಿದ ಮೇಲೆ ಕಂಡಕ್ಟರ್ ಈ ಊರಿನ ಹೆಸರು ಕೂಗುತ್ತಾನೆ. ಇಳಿಯುವವರಲ್ಲಿ ಕಾಲೇಜು ಹುಡುಗರು, ವಿಮಾನ ನಿಲ್ದಾಣದ ಪಾಳಿ ಕೆಲಸದವರು, ಗಾರೆಯವರು, ಸೆಕ್ಯುರಿಟಿಯವರು. ಅವರ ನಡುವೆ ಹೆಗಲಿಗೊಂದು ಬ್ಯಾಗು ನೇತುಹಾಕಿಕೊಂಡು, ಆ ಕಡೆ ಈ ಕಡೆ ನೋಡಿ, ಸೀದಾ ಮೊದಲು ಕಂಡ ಅಂಗಡಿಗೆ ಹೋಗಿ ನಿಲ್ಲುವ ಹೊಸಬನೊಬ್ಬ ಇದ್ದೇ ಇರುತ್ತಾನೆ.

"ಅಣ್ಣಾ, ಇಲ್ಲಿ ಬಾಡಿಗೆಗೆ ಮನೆ ಸಿಗುತ್ತಾ?"

"ಎಷ್ಟ್ ಜನ ಇದೀರಾ? ಫ್ಯಾಮಿಲಿನಾ?"

ಅಲ್ಲಿಗೆ ವಿಚಾರಣೆ ಶುರುವಾಯಿತೆಂದೇ ಲೆಕ್ಕ. ಅರ್ಜಿ ಇಲ್ಲ, ಶುಲ್ಕ ಇಲ್ಲ, ಗುಮಾಸ್ತ ಇಲ್ಲ. ಒಂದು ಚಹಾ ಕುಡಿಯುವಷ್ಟರಲ್ಲಿ ಆಸಾಮಿಯ ಊರು, ಕೆಲಸ, ಸಂಬಳ, ಮದುವೆ ಎಲ್ಲ ಹೊರಗೆ ಬಂದಿರುತ್ತದೆ. ಮನೆ ಮಾತ್ರವಲ್ಲ, ಈ ಊರಿನಲ್ಲಿ ಕೆಲಸದವಳು ಬೇಕೆ, ನಾಯಿ ಡಾಕ್ಟರು ಬೇಕೆ, ಕೆರೆ ದಂಡೆ ಸ್ವಚ್ಛ ಮಾಡಲು ನಾಲ್ಕು ಜನ ಬೇಕೆ, ಎಲ್ಲಕ್ಕೂ ಮೊದಲ ವಿಳಾಸ ಕಿರಾಣಿ ಅಂಗಡಿ, ಹಾಲಿನ ಬೂತು, ಇಸ್ತ್ರಿ ಗಾಡಿ. ಮೊಬೈಲಿನಲ್ಲಿ ಎಲ್ಲ ಸಿಗುವ ಕಾಲದಲ್ಲೂ ಇದು ನಿಂತಿಲ್ಲ. ನಿಲ್ಲದಿರುವುದಕ್ಕೆ ಕಾರಣವೂ ಇದೆ.

ಊರು ಬೆಳೆದ ಬಗೆ

ಜಾಲ ಹೋಬಳಿಯ ಈ ಹಳ್ಳಿ ಹೆದ್ದಾರಿ ಪಕ್ಕದಲ್ಲಿ ರಾಗಿ, ಅವರೆ ಬೆಳೆದುಕೊಂಡು ತನ್ನ ಪಾಡಿಗೆ ತಾನಿತ್ತು. 1986ರಲ್ಲಿ ಸರ್ ಎಂ. ವಿಶ್ವೇಶ್ವರಯ್ಯ ಇಂಜಿನಿಯರಿಂಗ್ ಕಾಲೇಜು ಬಂತು. ಹುಡುಗರು ಬಂದರು, ಹುಡುಗರ ಹಿಂದೆ ಮೆಸ್ಸು, ರೂಮು, ಜೆರಾಕ್ಸು ಅಂಗಡಿ ಬಂದವು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಬಾಗಿಲು ತೆರೆದ ಮೇಲಂತೂ ಕೇಳುವುದೇ ಬೇಡ. ಹೊಲವಿದ್ದ ಕಡೆ ಲೇಔಟು, ಲೇಔಟಿನಲ್ಲಿ ಮೂರಂತಸ್ತು, ಮೂರಂತಸ್ತಿನ ನೆತ್ತಿಯ ಮೇಲೊಂದು ಶೀಟಿನ ಮನೆ! 2011ರ ಜನಗಣತಿಯಲ್ಲಿ ಊರು ಪಟ್ಟಣದ ಲೆಕ್ಕಕ್ಕೆ ಸೇರಿತು. ಈಗ ಪುರಸಭೆ. ಬೋರ್ಡು ಬದಲಾಯಿತು. ಆದರೆ ಹೊಸಬರಿಗೆ ಹಳಬರ ಪರಿಚಯ ಮಾಡಿಸುವ ಇಲಾಖೆ ಯಾವ ಪುರಸಭೆಯಲ್ಲೂ ಇಲ್ಲವಲ್ಲ. ಆ ಕೆಲಸ ಅಂಗಡಿಯವರ ತಲೆಗೆ ಬಿದ್ದಿದೆ.

ಬ್ರೋಕರುಗಳಿಗೆ ಕೊರತೆಯಿಲ್ಲ. ಒಂದು ತಿಂಗಳ ಬಾಡಿಗೆಯನ್ನು ಕಮಿಷನ್ ಆಗಿ ಎಣಿಸಿಕೊಂಡು ಬೀಗದ ಕೈ ಕೊಟ್ಟರೆ ಅವರ ಋಣ ತೀರಿತು. ಅಂಗಡಿಯವರದ್ದು ಹಾಗಲ್ಲ. "ನನ್ನ ಹೆಸರು ಹೇಳಿ, ಕೊಡ್ತಾರೆ" ಎಂದು ಕಳಿಸಿದ ಮೇಲೆ ಆ ಬಾಡಿಗೆದಾರ ರಾತ್ರೋರಾತ್ರಿ ಗಂಟುಮೂಟೆ ಕಟ್ಟಿದರೆ ಮನೆ ಯಜಮಾನರು ಬಂದು ಕೇಳುವುದು ಇವರನ್ನೇ. ಮನೆ ಸೋರಿದರೆ, ನೀರು ಬಾರದಿದ್ದರೆ ಬಾಡಿಗೆದಾರ ಬಂದು ಗೊಣಗುವುದೂ ಇವರ ಮುಂದೆಯೇ. ಮೇಲಾಗಿ ಅಂಗಡಿಯಲ್ಲಿ ಸಾಲದ ಪುಸ್ತಕವೊಂದಿದೆ. ತಿಂಗಳ ಮೊದಲ ವಾರದಲ್ಲಿ ಯಾರು ಬಾಕಿ ಚುಕ್ತಾ ಮಾಡುತ್ತಾರೆ, ಯಾರು ರಸ್ತೆ ಬದಲಿಸಿ ಓಡಾಡುತ್ತಾರೆ ಎಂಬುದು ಆ ಪುಸ್ತಕಕ್ಕೆ ಗೊತ್ತಿರುವಷ್ಟು ಯಾವ ಬ್ಯಾಂಕಿಗೂ ಗೊತ್ತಿರಲಾರದು.

ಪ್ರಶ್ನೆ ದುಡ್ಡಿನದು. ಬೆಂಗಳೂರಿನ ವಾಡಿಕೆಯಂತೆ ಹತ್ತು ತಿಂಗಳ ಅಡ್ವಾನ್ಸ್ ಕೇಳುವ ಯಜಮಾನರು ಇಲ್ಲಿಯೂ ಇದ್ದಾರೆ. ಬಾಡಿಗೆ 10 ಸಾವಿರ ಎಂದರೆ ಒಂದು ಲಕ್ಷ ರೂಪಾಯಿ ಮೊದಲೇ ಎಣಿಸಬೇಕು. ಪಾಳಿ ಕೆಲಸದವನಿಗೆ ಅದು ಹೆಂಡತಿಯ ಬಳೆ. ಮನೆ ಬಿಡುವಾಗ ಬಣ್ಣದ ಖರ್ಚು ಎಂದು ಒಂದು ತಿಂಗಳದ್ದು ಮುರಿದುಕೊಳ್ಳುವುದು ಬೇರೆ. ಕೇಂದ್ರ ಸರ್ಕಾರ 2021ರಲ್ಲಿ ಮಾದರಿ ಬಾಡಿಗೆ ಕಾಯ್ದೆ ಮಾಡಿ, ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಅಡ್ವಾನ್ಸ್ ಬೇಡ ಎಂದು ರಾಜ್ಯಗಳಿಗೆ ಬರೆದು ಕಳಿಸಿತು. ಮಾದರಿ ಮಾದರಿಯಾಗಿಯೇ ಉಳಿದಿದೆ, ಬೀದಿಗೆ ಇಳಿದಿಲ್ಲ.

ಹನ್ನೊಂದು ತಿಂಗಳ ಕರಾರು ಏಕೆ ಎಂದು ಬಾಡಿಗೆದಾರರು ಕೇಳುವುದುಂಟು. 1908ರ ನೋಂದಣಿ ಕಾಯ್ದೆ ಪ್ರಕಾರ ಒಂದು ವರ್ಷ ಮೀರಿದ ಗುತ್ತಿಗೆಯನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಲೇಬೇಕು. ಆ ಖರ್ಚು, ಓಡಾಟ ತಪ್ಪಿಸಲು ಹನ್ನೊಂದಕ್ಕೆ ನಿಲ್ಲಿಸುವ ಜಾಣತನ, ಅಷ್ಟೆ. ಬಾಡಿಗೆಯಲ್ಲಿ ತೊಂದರೆ ಕಡಿಮೆ. ತೊಂದರೆ ಇರುವುದು ಭೋಗ್ಯದಲ್ಲಿ. ಲಕ್ಷಗಟ್ಟಲೆ ಒಟ್ಟಿಗೆ ಕೊಟ್ಟು, ಬಾಡಿಗೆ ಇಲ್ಲದೆ ಎರಡು ಮೂರು ವರ್ಷ ಇರುವ ಏರ್ಪಾಟು ಕೇಳಲು ಚೆಂದ. ಆದರೆ ಆ ಮನೆಯ ಮೇಲೆ ಬ್ಯಾಂಕಿನ ಸಾಲವಿದ್ದು, ಯಜಮಾನ ಕಂತು ಕಟ್ಟದೆ ಕೈಯೆತ್ತಿದರೆ, ಬ್ಯಾಂಕಿನವರು ಬಂದು ಬೀಗ ಹಾಕುವಾಗ ಭೋಗ್ಯದವನ ಗತಿ ಏನು? ಋಣಭಾರ ಪತ್ರ ತೆಗೆಸಿ ನೋಡದೆ, ಖಾತೆ ಯಾರ ಹೆಸರಿನಲ್ಲಿದೆ ಎಂದು ಕೇಳದೆ, ಬರೀ "ಒಳ್ಳೆ ಜನ ಕಣಪ್ಪಾ" ಎಂಬ ಮಾತಿಗೆ ಲಕ್ಷ ಸುರಿಯುವುದು ತಪ್ಪು. ಅಂಗಡಿ ಕಟ್ಟೆಯ ಶಿಫಾರಸು ಮನುಷ್ಯನ ಗುಣಕ್ಕೆ ಸರಿ. ಕಾಗದ ಪತ್ರಕ್ಕೆ ಅದು ಸಾಕ್ಷಿಯಲ್ಲ. ಸೈಟು ಕೊಳ್ಳುವವರಿಗಂತೂ ಈ ಮಾತು ಎರಡು ಪಟ್ಟು ಅನ್ವಯ. ಭೂಪರಿವರ್ತನೆ ಆಗದ ರೆವಿನ್ಯೂ ಸೈಟುಗಳ ಕಥೆ ಬೆಂಗಳೂರಿನ ನಾಲ್ಕು ದಿಕ್ಕಿಗೂ ಗೊತ್ತಿದ್ದದ್ದೇ.

ಇನ್ನೊಂದನ್ನೂ ಹೇಳಿಬಿಡಬೇಕು. "ಎಷ್ಟು ಜನ" ಆದ ಮೇಲೆ ಬರುವ ಪ್ರಶ್ನೆ "ನೀವು ಯಾವ ಜನ?" ಅದನ್ನು ನೇರ ಕೇಳಲು ಸಂಕೋಚವಾದರೆ "ನಾನ್‌ವೆಜ್ ಮಾಡ್ತೀರಾ?" ಎಂದು ಸುತ್ತಿ ಬಳಸಿ ಕೇಳುವುದು. ಮನೆ ಖಾಲಿ ಇದ್ದರೂ ಇಲ್ಲ ಎನ್ನಿಸಿಕೊಂಡು ವಾಪಸು ಬಸ್ಸು ಹತ್ತಿದವರು ಇದ್ದಾರೆ. ನೆರೆಹೊರೆಯ ಶಿಫಾರಸು ಎಂಬ ಸಿಹಿಯಲ್ಲಿ ಈ ಕಹಿಯೂ ಸೇರಿದೆ. ಅಂಗಡಿಯವರು ಮನಸ್ಸು ಮಾಡಿದರೆ ಇದನ್ನು ಸ್ವಲ್ಪ ಮಟ್ಟಿಗೆ ತಿದ್ದಬಹುದು. ತಿದ್ದಿದವರೂ ಇದ್ದಾರೆ.

ಮನೆ ಖಾಲಿ, ನಾಯಿ ಬೀದಿಗೆ

ಇತ್ತೀಚೆಗೆ ಪ್ರಶ್ನೆಪಟ್ಟಿಗೆ ಹೊಸದೊಂದು ಸೇರಿದೆ: "ನಾಯಿ ಇದೆಯಾ?" ಮನೆಗೂ ನಾಯಿಗೂ ಇರುವ ನಂಟು ಗೊತ್ತಾಗುವುದು ಇಲ್ಲೇ. ಜಾತಿ ನಾಯಿ ತಂದು ಸಾಕುತ್ತಾರೆ. ವರ್ಗವಾಗುತ್ತದೆ, ಅಥವಾ ಹೊಸ ಮನೆಯಲ್ಲಿ ನಾಯಿ ಬೇಡ ಎನ್ನುತ್ತಾರೆ. ಲಾರಿಯಲ್ಲಿ ಮಂಚ ಹೋಗುತ್ತದೆ, ಫ್ರಿಜ್ಜು ಹೋಗುತ್ತದೆ, ನಾಯಿ ಮಾತ್ರ ಗೇಟಿನ ಹೊರಗೆ ಉಳಿಯುತ್ತದೆ. ಹೆದ್ದಾರಿ ಪಕ್ಕದ ಊರಾದ್ದರಿಂದ ದೂರದವರು ಕಾರಿನಲ್ಲಿ ತಂದು ಇಳಿಸಿ ಹೋಗುವುದಕ್ಕೂ ಅನುಕೂಲ! ಸಾಕಿದ ಪ್ರಾಣಿಯನ್ನು ಹೀಗೆ ಬಿಟ್ಟು ಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧ. ದಂಡ ಎಷ್ಟು ಗೊತ್ತೆ? ಮೊದಲ ಸಲಕ್ಕೆ 10ರಿಂದ 50 ರೂಪಾಯಿ. ಹೋಟೆಲಿನಲ್ಲಿ ಒಂದು ಮಸಾಲೆ ದೋಸೆಗೂ ಸಾಲದು.

ಹೀಗೆ ಬೀದಿಗೆ ಬಿದ್ದವು, ಬೀದಿಯಲ್ಲೇ ಹುಟ್ಟಿದವು ಎಲ್ಲ ಸೇರಿ ಸಂಜೆ ಹೊತ್ತು ಕೋಳಿ ಅಂಗಡಿ, ಕಸದ ಗುಡ್ಡೆ, ತಳ್ಳುಗಾಡಿಗಳ ಸುತ್ತ ಠಳಾಯಿಸುತ್ತವೆ. ರಾತ್ರಿ ಪಾಳಿ ಮುಗಿಸಿ ಬರುವವನಿಗೆ ಬಸ್ಸಿಳಿದು ಮನೆಗೆ ಹೋಗುವ ನಾನೂರು ಹೆಜ್ಜೆಯೇ ಗಂಡಾಂತರ. ಇದು ಸುಮ್ಮನೆ ಹೆದರಿಕೆಯಲ್ಲ. 2007ರಲ್ಲಿ ಬೆಂಗಳೂರಿನಲ್ಲಿ ಬೀದಿ ನಾಯಿಗಳ ದಾಳಿಗೆ ಮಕ್ಕಳು ಬಲಿಯಾದದ್ದು ಹಳಬರಿಗೆ ನೆನಪಿದೆ. 2024ರ ಆಗಸ್ಟ್‌ನಲ್ಲಿ ಜಾಲಹಳ್ಳಿಯ ವಾಯುಪಡೆ ವಸತಿ ಪ್ರದೇಶದಲ್ಲಿ ಬೆಳಗಿನ ವಾಯುವಿಹಾರಕ್ಕೆ ಹೋಗಿದ್ದ 76 ವರ್ಷದ ವೃದ್ಧೆ ನಾಯಿಗಳ ಹಿಂಡಿಗೆ ಸಿಕ್ಕಿ ಪ್ರಾಣ ಬಿಟ್ಟರು.

ಇತ್ತ ನಾಯಿಗಳಿಗೆ ಅನ್ನ ಹಾಕುವ ತಾಯಂದಿರೂ ಊರಿನಲ್ಲಿದ್ದಾರೆ. ಹಿಡಿ ಅನ್ನಕ್ಕೆ ಬೀದಿಯೇ ಎರಡು ಪಕ್ಷ. "ನೀವು ಹಾಕೋದ್ರಿಂದಾನೇ ಇಲ್ಲಿ ಸೇರ್ತವೆ ಅಕ್ಕಾ" ಎನ್ನುವವರು ಒಂದು ಕಡೆ, "ಹಸಿದ್ರೆ ಇನ್ನೂ ಕಚ್ತವೆ ಕಣಣ್ಣಾ" ಎನ್ನುವವರು ಇನ್ನೊಂದು ಕಡೆ. ಇಬ್ಬರ ಮಾತಿನಲ್ಲೂ ಹುರುಳಿದೆ. ಇದಕ್ಕೆ ನಿಯಮವೂ ಇದೆ. 2001ರ ನಿಯಮಗಳ ಬದಲಿಗೆ 2023ರ ಮಾರ್ಚ್‌ನಲ್ಲಿ ಬಂದ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳ ಪ್ರಕಾರ, ಅನ್ನ ಹಾಕುವ ಜಾಗವನ್ನು ನಿವಾಸಿಗಳ ಸಂಘ ಅಥವಾ ಸ್ಥಳೀಯ ಸಂಸ್ಥೆ ಗೊತ್ತು ಮಾಡಬೇಕು. ಮಕ್ಕಳು ಆಡುವ ಕಡೆ, ಮೆಟ್ಟಿಲ ಬಳಿ, ಬಾಗಿಲ ಮುಂದೆ ಆ ಜಾಗ ಇರಕೂಡದು. ನಾಯಿಗಳನ್ನು ಹಿಡಿದು ಸಂತಾನಹರಣ ಮಾಡಿಸಿ, ಹುಚ್ಚು ನಾಯಿ ರೋಗದ ಲಸಿಕೆ ಹಾಕಿಸಿ, ಹಿಡಿದ ಬೀದಿಗೇ ವಾಪಸು ಬಿಡಬೇಕು. ಆಪರೇಷನ್ ಆದ ನಾಯಿಯ ಕಿವಿಯ ತುದಿ ಕತ್ತರಿಸಿರುತ್ತಾರೆ. ಬೀದಿಯಲ್ಲಿ ಎಷ್ಟು ನಾಯಿಗೆ ಕೆಲಸ ಆಗಿದೆ ಎಂದು ತಿಳಿಯಲು ಕಿವಿ ನೋಡಿದರೆ ಸಾಕು.

ವಾಪಸು ಏಕೆ, ದೂರ ಬಿಟ್ಟು ಬರಬಾರದೇ ಎಂದು ಕೇಳುವವರೇ ಹೆಚ್ಚು. ಒಂದು ಬೀದಿ ಖಾಲಿಯಾದರೆ ಅಲ್ಲಿನ ಕಸಕ್ಕೆ ಪಕ್ಕದ ಬೀದಿಯ ನಾಯಿಗಳು ಬರುತ್ತವೆ, ಅವಕ್ಕೆ ಆಪರೇಷನ್ನೂ ಇಲ್ಲ, ಲಸಿಕೆಯೂ ಇಲ್ಲ. ಹೆಣ್ಣು ನಾಯಿ ಎರಡೇ ತಿಂಗಳಲ್ಲಿ ಮರಿ ಹಾಕುವ ಪ್ರಾಣಿ, ಲೆಕ್ಕ ಮತ್ತೆ ಮೊದಲಿಗೆ. ವಿಷ ಇಡುವ ಮಾತಾಡುವವರು, ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದಕ್ಕೆ ಐದು ವರ್ಷದವರೆಗೆ ಜೈಲು ಇದೆ ಎಂಬುದನ್ನು ತಿಳಿದಿರುವುದು ಒಳಿತು.

2025ರಲ್ಲಿ ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ದೆಹಲಿಯ ನಾಯಿಗಳನ್ನೆಲ್ಲ ಹಿಡಿದು ಆಶ್ರಯಕ್ಕೆ ಸೇರಿಸಿ ಎಂಬ ಆಗಸ್ಟ್ 11ರ ಆದೇಶವನ್ನು ಆಗಸ್ಟ್ 22ರಂದು ಬದಲಿಸಿ, ಹುಚ್ಚು ಹಿಡಿದ ಹಾಗೂ ಮೇಲೆರಗುವ ನಾಯಿಗಳನ್ನು ಬಿಟ್ಟು ಉಳಿದವನ್ನು ಲಸಿಕೆ ಹಾಕಿ ಹಿಡಿದಲ್ಲೇ ಬಿಡಿ ಎಂದಿತು. ನವೆಂಬರ್ 7ರಂದು ಶಾಲೆ ಕಾಲೇಜು, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳಿಂದ ಹಿಡಿದ ನಾಯಿಗಳನ್ನು ಮತ್ತೆ ಅಲ್ಲಿಗೆ ಬಿಡಬೇಡಿ ಎಂದಿತು. ಹೆದ್ದಾರಿ ಪಕ್ಕ ಸೂರೊಂದು ನಿಲ್ಲಿಸಿದರೆ ಅದೂ ಬಸ್ ನಿಲ್ದಾಣವೇ ಎಂಬ ಚರ್ಚೆ ಚಹಾ ಅಂಗಡಿಯಲ್ಲಿ ಇನ್ನೂ ತೀರ್ಮಾನವಾಗಿಲ್ಲ! ಬೆಂಗಳೂರು ಪಾಲಿಕೆಯಂತೂ 2025ರ ಜುಲೈನಲ್ಲಿ ಸುಮಾರು 5 ಸಾವಿರ ಬೀದಿ ನಾಯಿಗಳಿಗೆ ಕೋಳಿ ಅನ್ನ ಹಾಕಲು 2 ಕೋಟಿ 88 ಲಕ್ಷ ರೂಪಾಯಿಯ ಯೋಜನೆ ಪ್ರಕಟಿಸಿ ದೇಶದ ಪತ್ರಿಕೆಗಳಲ್ಲೆಲ್ಲ ಸುದ್ದಿಯಾಯಿತು. ಪುರಸಭೆಯ ಊರಿಗೆ ಅಷ್ಟೆಲ್ಲ ಬೇಡ. ನಾಯಿ ಹಿಡಿಯುವ ಗಾಡಿ ಯಾವ ವಾರ್ಡಿಗೆ ಯಾವ ದಿನ ಬರುತ್ತದೆ ಎಂದು ಬೋರ್ಡಿನಲ್ಲಿ ಬರೆದರೆ ಸಾಕಿತ್ತು.

ಕಚ್ಚಿದರೆ ಏನು ಮಾಡಬೇಕು? ಈ ಒಂದು ವಿಷಯದಲ್ಲಿ ಮಾತ್ರ ಕಟ್ಟೆಯ ಸಲಹೆ ಕೇಳುವುದು ಅಪಾಯ. ಸುಣ್ಣ ಹಚ್ಚಿ, ಖಾರದ ಪುಡಿ ಒತ್ತಿ, ಇಂಥ ಊರಿನಲ್ಲಿ ನಾಟಿ ಔಷಧಿ ಕೊಡ್ತಾರೆ ಎನ್ನುವವರಿದ್ದಾರೆ. ಅದೊಂದೂ ಬೇಡ. ಹರಿಯುವ ನೀರಿನಲ್ಲಿ ಸೋಪು ಹಾಕಿ ಹದಿನೈದು ನಿಮಿಷ ಗಾಯ ತೊಳೆದು, ಅದೇ ದಿನ ಯಲಹಂಕದ ಸರ್ಕಾರಿ ಆಸ್ಪತ್ರೆಗೋ ಹತ್ತಿರದ ಆಸ್ಪತ್ರೆಗೋ ಹೋಗಬೇಕು. ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ ಎಂಬ ಹಳೆಯ ಹೆದರಿಕೆಗೆ ಈಗ ಅರ್ಥವಿಲ್ಲ, ಆ ಲಸಿಕೆ ನಿಂತು ಇಪ್ಪತ್ತು ವರ್ಷವಾಯಿತು. ಈಗಿನದು ತೋಳಿಗೆ, ನಾಲ್ಕೈದು ಸಲ. ಗಾಯ ಆಳವಾಗಿ ರಕ್ತ ಬಂದಿದ್ದರೆ ಗಾಯದ ಸುತ್ತ ಇನ್ನೊಂದು ಔಷಧಿ ಕೊಡಬೇಕಾಗುತ್ತದೆ, ಅದನ್ನು ಕೇಳಿ ಹಾಕಿಸಿಕೊಳ್ಳಬೇಕು. ಮನೆ ನಾಯಿ, ಮರಿ ನಾಯಿ ಎಂದು ಉದಾಸೀನ ಬೇಡ. ರೋಗ ತಲೆಗೇರಿದ ಮೇಲೆ ಬದುಕಿಸುವ ಮದ್ದು ಇಲ್ಲ.

ಕೈ ಜೋಡಿಸುವವರು ಯಾರು?

ಆಪರೇಷನ್ನಿಗೆ ನಾಯಿ ಹಿಡಿಯಲು ಗಾಡಿ ಬಂದಾಗ ಅದು ಹತ್ತಿರ ಬಿಟ್ಟುಕೊಳ್ಳುವುದು ದಿನಾ ಅನ್ನ ಹಾಕುವವರನ್ನು ಮಾತ್ರ. ಆದ್ದರಿಂದ ಬೈಸಿಕೊಳ್ಳುವ ಆ ಅಕ್ಕನೇ ಬೀದಿಗೆ ಬೇಕಾದ ಮೊದಲ ಸ್ವಯಂಸೇವಕಿ. ಜಗಳ ಬಿಟ್ಟು ಅವರ ಜೊತೆ ಇಬ್ಬರು ನಿಂತರೆ ಒಂದು ಬೀದಿಯ ಕೆಲಸ ಆಗುತ್ತದೆ.

ಇಂಥ ಕೆಲಸಕ್ಕೆ ಮೇಲ್ಪಂಕ್ತಿ ದೂರದಲ್ಲಿಲ್ಲ. ಯಲಹಂಕದ ಪುಟ್ಟೇನಹಳ್ಳಿ ಕೆರೆಯನ್ನು ಅಕ್ಕಪಕ್ಕದ ನಿವಾಸಿಗಳು ಟ್ರಸ್ಟ್ ಕಟ್ಟಿಕೊಂಡು ಬೆನ್ನು ಹತ್ತಿದರು. 2015ರಲ್ಲಿ ಸರ್ಕಾರ ಅದನ್ನು ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿತು. ಜಕ್ಕೂರು ಕೆರೆಯಲ್ಲೂ ಅಷ್ಟೆ, ಜಲಪೋಷಣ್ ಹೆಸರಿನಲ್ಲಿ ಸುತ್ತಲಿನವರೇ ಸೇರಿ ಕಾವಲು, ಗಿಡ, ಸ್ವಚ್ಛತೆ ನೋಡಿಕೊಂಡರು. ಅಲ್ಲಿನ ಮೀನುಗಾರರಿಗೂ ಅದರಿಂದ ಅನುಕೂಲ. ಇವರ್ಯಾರೂ ಮೊದಲ ದಿನ ಬ್ಯಾನರ್ ಕಟ್ಟಿ ಶುರು ಮಾಡಿದವರಲ್ಲ, ಬೆಳಗಿನ ವಾಕಿಂಗಿನಲ್ಲಿ ಮಾತು ಬೆಳೆದದ್ದು.

ಇಲ್ಲಿ ಮೊದಲು ಹಿಡಿಯಬೇಕಾದ ಕೆಲಸ ಮಾಂಸದ ಅಂಗಡಿಗಳ ತ್ಯಾಜ್ಯ. ಅದರ ಬಿಸಿ ಅಂಗಡಿಯವರಿಗೆ ಚೆನ್ನಾಗಿಯೇ ಗೊತ್ತು. ಎರಡು ವರ್ಷಕ್ಕೊಮ್ಮೆ ಯಲಹಂಕದಲ್ಲಿ ವೈಮಾನಿಕ ಪ್ರದರ್ಶನ ಬಂತೆಂದರೆ ಹದ್ದುಗಳು ವಿಮಾನಕ್ಕೆ ಅಡ್ಡ ಬರುತ್ತವೆಂದು ಮಾಂಸ ಮಾರಾಟಕ್ಕೆ ತಡೆ ಬೀಳುತ್ತದೆ. 2023ರಲ್ಲಿ 10 ಕಿಲೋಮೀಟರ್ ಸುತ್ತಳತೆಗೆ, 2025ರಲ್ಲಿ 13 ಕಿಲೋಮೀಟರಿಗೆ, ಜನವರಿ 23ರಿಂದ ಫೆಬ್ರವರಿ 17ರವರೆಗೆ. ಮೂರೂವರೆ ವಾರ ಬಾಗಿಲು ಹಾಕಿದವರ ಬಾಡಿಗೆ ಯಾರು ಕೊಟ್ಟರು? ಹದ್ದನ್ನು ಕರೆಯುವುದೂ ನಾಯಿಯನ್ನು ಸಾಕುವುದೂ ಬಯಲಿಗೆ ಸುರಿದ ಅದೇ ಕರುಳು, ಪುಕ್ಕ. ಪ್ರದರ್ಶನದ ವಾರದಲ್ಲಿ ಓಡಾಡುವ ಅಧಿಕಾರಿಗಳು ಉಳಿದ ದಿನಗಳಲ್ಲೂ ತ್ಯಾಜ್ಯ ಒಯ್ಯಲು ಒಂದು ಗಾಡಿ ಕಳಿಸಿದರೆ ಅಂಗಡಿಯವರು ತಿಂಗಳಿಗಿಷ್ಟೆಂದು ಕೊಡಲು ಒಪ್ಪದೆ ಇರಲಾರರು. ಆ ಗಾಡಿ ಬರುವ ತನಕ ಮುಚ್ಚಳವಿರುವ ಡ್ರಮ್ಮಾದರೂ ಇಟ್ಟುಕೊಳ್ಳಲಿ ಎನ್ನುತ್ತಾರೆ, ರಾತ್ರಿ ಕಡೆಯ ಬಸ್ಸಿಗೆ ಇಳಿದು ಕೈಯಲ್ಲೊಂದು ಕೋಲು ಹಿಡಿದು ಮನೆಗೆ ನಡೆಯುವವರು.